ಪ್ಯಾರಿಸ್‌ಗೆ ಬಾಡಿಗೆ ಜೆಟ್: ಹಾರಿಸುವವರು ಯಾರೆಂದು ಮೊದಲು ಕೇಳಿ

ಹತ್ತೊಂಬತ್ತು ವರ್ಷ ಯುರೋಪಿನ ಚಾರ್ಟರ್, ಅಂದರೆ ವಿಮಾನ ಬಾಡಿಗೆಗೆ ಕೊಡುವ, ಕಂಪನಿಯೊಂದರ ಕಾರ್ಯಾಚರಣೆ ಕೊಠಡಿಯಲ್ಲಿ ಕೆಲಸ ಮಾಡಿದವಳು ನಾನು. ಹವಾಮಾನ ವರದಿ, ಹಾರಾಟದ ಅನುಮತಿ, ಇಂಧನ, ಪೈಲಟ್‌ಗಳ ಕೆಲಸದ ಗಂಟೆಗಳ ಲೆಕ್ಕ, ಪ್ರಯಾಣಿಕರು ಇಳಿದ ಮೇಲೆ ಕಾರು ಬಂದಿದೆಯೇ ಎಂದು ವಿಚಾರಿಸುವುದು, ಇವೇ ನನ್ನ ದಿನಚರಿಯಾಗಿದ್ದವು. ಬಾಡಿಗೆ ಜೆಟ್‌ನಲ್ಲಿ ಪ್ಯಾರಿಸ್‌ಗೆ ಹೋಗುವ ಕುರಿತು ಏನಾದರೂ ಸಂದೇಹವಿದ್ದರೆ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಎಂಟನ್ನು ಆರಿಸಿಕೊಂಡಿದ್ದೇನೆ. ಎರಡನೆಯ ಉತ್ತರ ಉಳಿದವುಗಳಿಗಿಂತ ಉದ್ದವಾಗಿದೆ. ಬೇರೆ ಯಾವುದನ್ನು ಬಿಟ್ಟರೂ ಅದೊಂದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ನಮ್ಮ ಕಂಪನಿಯ ಮುಖ್ಯಸ್ಥರು ಐವರು ಸಹೋದ್ಯೋಗಿಗಳೊಂದಿಗೆ ಜಿನೀವಾದಿಂದ ಪ್ಯಾರಿಸ್‌ಗೆ ಹೋಗಬೇಕು. ನಾನು ಚಾರ್ಲ್ಸ್ ಡಿ ಗಾಲ್ ವಿಮಾನ ನಿಲ್ದಾಣವನ್ನು ಕೇಳಿದ್ದೆ. ಏಜೆಂಟ್ ಕಳುಹಿಸಿದ ದರಪಟ್ಟಿಯಲ್ಲಿ ‘ಲೆ ಬುರ್ಜೆ’ ಎಂದಿದೆ. ಇದು ಸಣ್ಣ ನಿಲ್ದಾಣವೇ? ನಮ್ಮನ್ನು ಊರಾಚೆ ಇಳಿಸುತ್ತಾರೆಯೇ?

ಉತ್ತರ: ಗಾಬರಿಯಾಗಬೇಡಿ, ನಿಮ್ಮ ಏಜೆಂಟ್ ಸರಿಯಾದುದನ್ನೇ ಸೂಚಿಸಿದ್ದಾರೆ. ಲೆ ಬುರ್ಜೆ ಪ್ಯಾರಿಸ್‌ನ ನಡುಭಾಗದಿಂದ ಈಶಾನ್ಯಕ್ಕೆ ಸುಮಾರು 11 ಕಿಲೋಮೀಟರ್ ದೂರದಲ್ಲಿದೆ. ಚಾರ್ಲ್ಸ್ ಡಿ ಗಾಲ್ ಅದಕ್ಕಿಂತ ದೂರ. 1919ರಲ್ಲಿ ಪ್ರಯಾಣಿಕ ವಿಮಾನಗಳು ಇಲ್ಲಿಂದ ಹಾರತೊಡಗಿದವು. 1932ರಲ್ಲಿ ಓರ್ಲಿ ತೆರೆಯುವವರೆಗೂ ಪ್ಯಾರಿಸ್‌ಗೆ ಇದೊಂದೇ ನಿಲ್ದಾಣ. 1927ರ ಮೇ 21ರ ರಾತ್ರಿ ಚಾರ್ಲ್ಸ್ ಲಿಂಡ್‌ಬರ್ಗ್ ನ್ಯೂಯಾರ್ಕಿನಿಂದ ಒಬ್ಬನೇ ಮೂವತ್ತಮೂರೂವರೆ ಗಂಟೆ ಹಾರಿ ಬಂದು ಇಳಿದದ್ದು ಇಲ್ಲಿಯೇ. ಈಗ ಇಲ್ಲಿ ವೇಳಾಪಟ್ಟಿಯ ವಿಮಾನಗಳಿಲ್ಲ. ಇದು ಪೂರ್ತಿಯಾಗಿ ಖಾಸಗಿ ಮತ್ತು ಬಾಡಿಗೆ ವಿಮಾನಗಳ ನಿಲ್ದಾಣ, ಆ ಬಗೆಯವುಗಳಲ್ಲಿ ಯುರೋಪಿನಲ್ಲೇ ಅತಿ ಹೆಚ್ಚು ಚಟುವಟಿಕೆಯದು. ಉದ್ದದ ರನ್‌ವೇ 3,000 ಮೀಟರ್ ಇದೆ, ಎಷ್ಟು ದೊಡ್ಡ ಬಿಸಿನೆಸ್ ಜೆಟ್ ಆದರೂ ಇಳಿಯುತ್ತದೆ.

ಇಲ್ಲಿ ಎಲ್ಲರಿಗೂ ಒಂದೇ ಟರ್ಮಿನಲ್ ಇಲ್ಲ. ನಿಲ್ದಾಣದಲ್ಲಿ ವಿಮಾನವನ್ನೂ ಪ್ರಯಾಣಿಕರನ್ನೂ ನೋಡಿಕೊಳ್ಳುವ ಬೇರೆ ಬೇರೆ ಹ್ಯಾಂಡ್ಲಿಂಗ್ ಕಂಪನಿಗಳಿಗೆ ತಮ್ಮ ತಮ್ಮ ಕಟ್ಟಡಗಳಿವೆ. ಕಾರಿನ ಚಾಲಕನಿಗೆ ‘ಲೆ ಬುರ್ಜೆ ವಿಮಾನ ನಿಲ್ದಾಣ’ ಎಂದಷ್ಟೇ ಹೇಳಿದರೆ ಆತ ಬೇರೆ ಕಟ್ಟಡದ ಮುಂದೆ ಕಾಯುತ್ತಿರುತ್ತಾನೆ. ನಮ್ಮ ಕೊಠಡಿಗೆ ಬರುತ್ತಿದ್ದ ಸಿಟ್ಟಿನ ಕರೆಗಳಲ್ಲಿ ಇದರದ್ದೇ ದೊಡ್ಡ ಪಾಲು. ಹ್ಯಾಂಡ್ಲಿಂಗ್ ಕಂಪನಿಯ ಹೆಸರು, ರಸ್ತೆಯ ವಿಳಾಸ, ಅಲ್ಲಿನ ಫೋನ್ ಸಂಖ್ಯೆ, ಈ ಮೂರನ್ನೂ ಹಿಂದಿನ ದಿನವೇ ಚಾಲಕನಿಗೆ ಕಳುಹಿಸಿ. ನಗರಕ್ಕೆ ಹೋಗುವ ಎ1 ಹೆದ್ದಾರಿ ಬೆಳಗಿನ ಮತ್ತು ಸಂಜೆಯ ಹೊತ್ತು ಕಿಕ್ಕಿರಿಯುತ್ತದೆ. 11 ಕಿಲೋಮೀಟರ್ ಎಂದು ನಂಬಿ ಇಳಿದ ಅರ್ಧ ಗಂಟೆಗೆ ಸಭೆಯನ್ನು ಇಟ್ಟುಕೊಳ್ಳಬೇಡಿ.

ಇನ್ನೊಂದು ಮಾತು. ಬೆಸ ಸಂಖ್ಯೆಯ ವರ್ಷಗಳ ಜೂನ್‌ನಲ್ಲಿ ಇದೇ ನಿಲ್ದಾಣದಲ್ಲಿ ಪ್ಯಾರಿಸ್ ವೈಮಾನಿಕ ಪ್ರದರ್ಶನ ನಡೆಯುತ್ತದೆ. ಆ ವಾರ ವಿಮಾನ ನಿಲ್ಲಿಸಲು ಜಾಗ ಸಿಗುವುದೇ ಕಷ್ಟ, ಹಾರಾಟದ ಪ್ರದರ್ಶನ ನಡೆಯುವಾಗ ರನ್‌ವೇ ಕೂಡ ಸಿಗುವುದಿಲ್ಲ. ನಿಮ್ಮ ದಿನಾಂಕ ಆ ವಾರಕ್ಕೆ ಬಿದ್ದರೆ ದಿನವನ್ನೇ ಬದಲಿಸುವುದು ಮೇಲು.

ಪ್ರಶ್ನೆ: ಫ್ರಾನ್ಸಿನದೇ ನಾಂಟ್ ನಗರದಿಂದ ಪ್ಯಾರಿಸ್‌ಗೆ ನಮಗೆ ಎರಡು ದರ ಬಂದಿವೆ. ಒಂದು ಕಂಪನಿಯದು. ಇನ್ನೊಂದು ಪರಿಚಯಸ್ಥರೊಬ್ಬರದು, ಅದರ ಅರ್ಧಕ್ಕೂ ಕಡಿಮೆ. ‘ಸ್ನೇಹಿತನ ಸಣ್ಣ ಜೆಟ್, ಅವನೇ ಪೈಲಟ್, ಖರ್ಚನ್ನು ಹಂಚಿಕೊಂಡರೆ ಸಾಕು’ ಎನ್ನುತ್ತಾರೆ. ವಿಮಾನದ ಚಿತ್ರ ಕಳುಹಿಸಿದ್ದಾರೆ, ಹೊಸದಾಗಿಯೇ ಕಾಣುತ್ತದೆ. ಒಪ್ಪಿಕೊಳ್ಳಬಹುದೇ?

ಉತ್ತರ: ಬೇಡ. ದಯವಿಟ್ಟು ಬೇಡ.

ನೀವು ನಾಂಟ್ ಎಂದು ಬರೆದದ್ದನ್ನು ಓದಿದಾಗ ನನ್ನ ಕೈ ಒಂದು ಕ್ಷಣ ನಿಂತಿತು. 2019ರ ಜನವರಿ 21ರ ರಾತ್ರಿ ಅದೇ ನಾಂಟ್‌ನಿಂದ ಒಂದೇ ಎಂಜಿನ್ನಿನ ಪೈಪರ್ ಮಲಿಬು ವಿಮಾನವೊಂದು ಕಾರ್ಡಿಫ್‌ಗೆ ಹೊರಟಿತು. ಅದರಲ್ಲಿದ್ದ ಒಬ್ಬನೇ ಪ್ರಯಾಣಿಕ ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ, ವಯಸ್ಸು 28. ವಿಮಾನ ಇಂಗ್ಲಿಷ್ ಕಾಲುವೆಗೆ ಬಿತ್ತು, ಇಬ್ಬರೂ ಸತ್ತರು. ಪೈಲಟ್‌ನ ದೇಹ ಸಿಗಲೇ ಇಲ್ಲ. ಬ್ರಿಟನ್ನಿನ ವಿಮಾನ ಅಪಘಾತ ತನಿಖಾ ಶಾಖೆ 2020ರಲ್ಲಿ ವರದಿ ಕೊಟ್ಟಿತು. ಹಣ ಪಡೆದು ಪ್ರಯಾಣಿಕರನ್ನು ಒಯ್ಯುವ ಪರವಾನಗಿ ಆ ಪೈಲಟ್‌ಗೆ ಇರಲಿಲ್ಲ, ರಾತ್ರಿ ಹಾರಿಸುವ ಅರ್ಹತೆಯೂ ಇರಲಿಲ್ಲ. ಎಂಜಿನ್ನಿನ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ವಿಮಾನದ ಒಳಗೆ ಸೇರಿತ್ತು. ಹಾರಾಟವನ್ನು ಏರ್ಪಡಿಸಿದ ವ್ಯಕ್ತಿಗೆ 2021ರಲ್ಲಿ 18 ತಿಂಗಳ ಸೆರೆವಾಸವಾಯಿತು. ವಿಮಾನ ಹತ್ತುವಾಗ ಸಾಲಾಗೆ ಇದೆಲ್ಲ ತಿಳಿಯುವ ದಾರಿಯೇ ಇರಲಿಲ್ಲ. ಪ್ರಯಾಣಿಕನಿಗೆ ಕಾಣುವುದು ವಿಮಾನ, ಅದರ ಬಣ್ಣ, ಚರ್ಮದ ಆಸನ. ಜೀವ ಉಳಿಸುವ ವಸ್ತು ಕಾಗದದಲ್ಲಿರುತ್ತದೆ, ಅದನ್ನು ಕೇಳಿದರೆ ಮಾತ್ರ ತೋರಿಸುತ್ತಾರೆ.

ಆ ಕಾಗದದ ಹೆಸರು ಏರ್ ಆಪರೇಟರ್ ಸರ್ಟಿಫಿಕೇಟ್. ಹಣಕ್ಕೆ ಪ್ರಯಾಣಿಕರನ್ನು ಒಯ್ಯುವ ಕಂಪನಿಗೆ ಅದರ ದೇಶದ ವಿಮಾನಯಾನ ಪ್ರಾಧಿಕಾರ ಕೊಡುವ ಪ್ರಮಾಣಪತ್ರವಿದು. ಇದನ್ನು ಪಡೆದ ಕಂಪನಿ ಪೈಲಟ್‌ಗಳಿಗೆ ಕಾಲಕಾಲಕ್ಕೆ ತರಬೇತಿ ಮತ್ತು ಪರೀಕ್ಷೆ ನಡೆಸಬೇಕು, ಅವರ ವಿಶ್ರಾಂತಿಯ ಲೆಕ್ಕ ಇಡಬೇಕು, ವಿಮಾನದ ದುರಸ್ತಿಯ ದಾಖಲೆ ಇಡಬೇಕು. ನಮ್ಮ ಕೊಠಡಿಗೆ ತಪಾಸಣೆಗಾರರು ಬಂದಾಗ ಕಪಾಟಿನ ಕಡತಗಳನ್ನು ಒಂದೊಂದಾಗಿ ತೆರೆಸುತ್ತಿದ್ದರು, ಒಂದು ಸಹಿ ತಪ್ಪಿದ್ದರೂ ವಿವರಣೆ ಕೊಡಬೇಕಿತ್ತು. ದರದ ವ್ಯತ್ಯಾಸದಲ್ಲಿ ಒಂದು ದೊಡ್ಡ ಭಾಗ ಈ ಕೆಲಸಕ್ಕೇ ಸಲ್ಲುತ್ತದೆ. ನಿಮ್ಮ ಪರಿಚಯಸ್ಥರ ಕಡಿಮೆ ದರದಲ್ಲಿ ಇಲ್ಲದಿರುವುದು ಇದೇ.

‘ಖರ್ಚು ಹಂಚಿಕೊಳ್ಳುವುದು’ ಎಂಬ ಮಾತನ್ನೂ ನಂಬಬೇಡಿ. ಖಾಸಗಿ ಪೈಲಟ್ ಒಬ್ಬ ಜೊತೆಗಾರರೊಂದಿಗೆ ಖರ್ಚು ಹಂಚಿಕೊಂಡು ಹಾರಲು ಯುರೋಪಿನ ನಿಯಮದಲ್ಲಿ ಅವಕಾಶ ಇರುವುದು ನಿಜ. ಅದು ಸಣ್ಣ, ಸರಳ ವಿಮಾನಗಳಿಗೆ. ಪೈಲಟ್ ಸೇರಿ ಆರು ಜನರ ಮಿತಿಯಿದೆ, ಪೈಲಟ್ ಕೂಡ ತನ್ನ ಪಾಲಿನ ಖರ್ಚು ಕೊಡಬೇಕು. ಜೆಟ್ ವಿಮಾನಕ್ಕೆ ಈ ರಿಯಾಯಿತಿ ಅನ್ವಯಿಸುವುದಿಲ್ಲ. ಏನಾದರೂ ಆದರೆ ವಿಮಾ ಕಂಪನಿ ಮೊದಲು ಕೇಳುವ ಪ್ರಶ್ನೆಯೂ ಇದೇ ಆಗಿರುತ್ತದೆ.

ಹಾಗಾದರೆ ಏನು ಕೇಳಬೇಕು? ಏಜೆಂಟರು ಸಾಮಾನ್ಯವಾಗಿ ವಿಮಾನ ಹಾರಿಸುವವರಲ್ಲ, ನಡುವಿನವರು. ಅದರಲ್ಲಿ ತಪ್ಪೇನಿಲ್ಲ, ಒಳ್ಳೆಯ ಏಜೆಂಟರು ಬಹಳ ಸಹಾಯ ಮಾಡುತ್ತಾರೆ. ಆದರೆ ಹಾರಿಸುವ ಕಂಪನಿಯ ಹೆಸರನ್ನು ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ ಬರಹದಲ್ಲಿ ಕೇಳಿ. ಆ ಕಂಪನಿಯ ಪ್ರಮಾಣಪತ್ರದ ಪ್ರತಿ ಕೇಳಿ. ವಿಮಾನದ ನೋಂದಣಿ ಗುರುತನ್ನು ಕೇಳಿ, ಫ್ರಾನ್ಸಿನದಾದರೆ ಅದು ಎಫ್ ಅಕ್ಷರದಿಂದ ಶುರುವಾಗುತ್ತದೆ, ಬ್ರಿಟನ್ನಿನದಾದರೆ ಜಿ, ಮಾಲ್ಟಾದ್ದಾದರೆ 9ಎಚ್. ಆ ಗುರುತು ಪ್ರಮಾಣಪತ್ರದ ಜೊತೆಗಿನ ಪಟ್ಟಿಯಲ್ಲಿ ಇದೆಯೇ ನೋಡಿ. ವಿಮೆಯ ಪತ್ರ ಕೇಳಿ. ಪೈಲಟ್‌ಗಳು ಇಬ್ಬರಿರುತ್ತಾರೆಯೇ ಎಂದು ಕೇಳಿ. ಯುರೋಪಿಯನ್ ಒಕ್ಕೂಟದ ಹೊರಗಿನ ಕಂಪನಿಯಾದರೆ, ಕೊಲೋನ್‌ನಲ್ಲಿರುವ ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆಯ ಅನುಮತಿ ಇದೆಯೇ ಎಂದೂ ಕೇಳಿ. ಸರಿಯಾದ ಕಂಪನಿಯವರು ಇವನ್ನೆಲ್ಲ ಬೇಗನೆ ಕಳುಹಿಸಿಬಿಡುತ್ತಾರೆ. ‘ನಮ್ಮ ಮೇಲೆ ನಂಬಿಕೆಯಿಲ್ಲವೇ’ ಎಂದು ಯಾರಾದರೂ ಮುನಿಸಿಕೊಂಡರೆ ಅಲ್ಲಿಗೇ ಮಾತು ಮುಗಿಸಿ.

ಪ್ರಶ್ನೆ: ಪ್ಯಾರಿಸ್‌ನಲ್ಲಿ ರಾತ್ರಿ ಊಟ ಮುಗಿಸಿ ಹನ್ನೊಂದಕ್ಕೆ ಹೊರಟು ಅದೇ ರಾತ್ರಿ ಮನೆ ಸೇರಬೇಕೆಂದಿದ್ದೇವೆ. ವಿಮಾನ ನಮ್ಮದೇ ಬಾಡಿಗೆಯದು ತಾನೇ, ನಾವು ಹೇಳಿದಾಗ ಹೊರಡುತ್ತದಲ್ಲವೇ?

ಉತ್ತರ: ಲೆ ಬುರ್ಜೆಯಿಂದ ಹೊರಡುವುದಿಲ್ಲ. ಅಲ್ಲಿ ರಾತ್ರಿ 10:15ರಿಂದ ಬೆಳಗಿನ 6ರವರೆಗೆ ಜೆಟ್ ವಿಮಾನಗಳು ಮೇಲೇರುವಂತಿಲ್ಲ. ಇಳಿಯಬಹುದು, ಏರುವಂತಿಲ್ಲ. ಸುತ್ತಲೂ ಜನವಸತಿ ದಟ್ಟವಾಗಿದೆ, ಆ ಮನೆಗಳಲ್ಲಿ ಮಕ್ಕಳು ಮಲಗಿರುತ್ತಾರೆ. ಆ ನಿಯಮ ಇರಬೇಕಾದದ್ದೇ.

ಒಂದು ನವೆಂಬರ್ ರಾತ್ರಿ ನೆನಪಾಗುತ್ತದೆ. ನಾಲ್ವರು ಪ್ರಯಾಣಿಕರು, 9:55ಕ್ಕೆ ಹೊರಡುವ ಸಮಯ. ಅವರ ಕಾರು ಎ1ರಲ್ಲಿ ಸಿಕ್ಕಿಹಾಕಿಕೊಂಡಿತು. ವಿಮಾನದ ಬಾಗಿಲು ಮುಚ್ಚಿದಾಗ 10:09. ಎಂಜಿನ್ ಶುರುವಾಗಿ, ರನ್‌ವೇ ತುದಿಯವರೆಗೆ ಉರುಳಿ, ಅಲ್ಲಿಂದ ಏರಲು ಆರು ನಿಮಿಷ ಸಾಲದು. ಕ್ಯಾಪ್ಟನ್ ಕಂಟ್ರೋಲ್ ಟವರ್ ಜೊತೆ ಮಾತಾಡಿ ಎಂಜಿನ್ ಆರಿಸಿಬಿಟ್ಟರು. ಪ್ರಯಾಣಿಕರಲ್ಲೊಬ್ಬರು ಅವರ ಮೇಲೆ ಕೂಗಾಡುತ್ತಿದ್ದುದು ನನಗೆ ಫೋನ್‌ನಲ್ಲಿ ಕೇಳುತ್ತಿತ್ತು. ‘ಹಾಗಾದರೆ ಬೆಳಗ್ಗೆ ಆರಕ್ಕೆ ಸರಿಯಾಗಿ ಹೊರಡೋಣ’ ಎಂದರು. ಅದೂ ಆಗಲಿಲ್ಲ. ಪೈಲಟ್‌ಗಳು ಮಧ್ಯಾಹ್ನ 12ಕ್ಕೆ ಕೆಲಸ ಶುರುಮಾಡಿದ್ದರು, ರಾತ್ರಿ 11ಕ್ಕೆ ಮುಗಿಯಿತು, ಅಂದರೆ ಹನ್ನೊಂದು ಗಂಟೆಯ ಕೆಲಸ. ತಮ್ಮ ನೆಲೆಯಿಂದ ದೂರವಿದ್ದಾಗ ಕನಿಷ್ಠ ಹತ್ತು ಗಂಟೆ ಅಥವಾ ಹಿಂದಿನ ಕೆಲಸದ ಅವಧಿ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ವಿಶ್ರಾಂತಿ ಕೊಡಲೇಬೇಕು. ಹೀಗಾಗಿ ಮರುದಿನ 10ಕ್ಕೆ ಮೊದಲು ಅವರು ಕೆಲಸಕ್ಕೆ ಬರುವಂತಿರಲಿಲ್ಲ. ವಿಮಾನ ಏರಿದಾಗ 11 ಗಂಟೆಯಾಗಿತ್ತು. ಆ ಕ್ಯಾಪ್ಟನ್ ಮಾಡಿದ್ದು ನೂರಕ್ಕೆ ನೂರು ಸರಿ ಎಂದು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ.

ಇದರ ಜೊತೆಗೆ ‘ಸ್ಲಾಟ್’ ಎಂಬುದೊಂದಿದೆ. ಯುರೋಪಿನ ಆಕಾಶ ತುಂಬಿದಾಗ ಯಾವ ವಿಮಾನ ಯಾವಾಗ ಏರಬೇಕೆಂದು ಬ್ರಸೆಲ್ಸ್‌ನಲ್ಲಿರುವ ಯೂರೋಕಂಟ್ರೋಲ್ ನಿಗದಿಪಡಿಸುತ್ತದೆ. ಕೊಟ್ಟ ಸಮಯಕ್ಕಿಂತ ಐದು ನಿಮಿಷ ಮೊದಲಿನಿಂದ ಹತ್ತು ನಿಮಿಷ ನಂತರದವರೆಗೆ, ಆ ಹದಿನೈದು ನಿಮಿಷದೊಳಗೆ ಏರಬೇಕು. ತಪ್ಪಿದರೆ ಹೊಸದಾಗಿ ಸರತಿಗೆ ಸೇರಬೇಕು. ಬಾಡಿಗೆ ಜೆಟ್‌ಗೂ ದೊಡ್ಡ ಏರ್‌ಲೈನ್‌ಗೂ ಒಂದೇ ಸರತಿ. ನೀವು ಊಟವನ್ನು ಸಂಜೆ 6ಕ್ಕೇ ಇಟ್ಟುಕೊಳ್ಳಿ, ಇಲ್ಲವೇ ರಾತ್ರಿ ಅಲ್ಲೇ ಉಳಿದುಕೊಳ್ಳಿ.

ಪ್ರಶ್ನೆ: ಜನವರಿಯ ಪ್ರಯಾಣಕ್ಕೆ ಬಂದ ದರಪಟ್ಟಿಯ ಕೊನೆಯಲ್ಲಿ ‘ಡಿ-ಐಸಿಂಗ್ ವೆಚ್ಚ ಪ್ರತ್ಯೇಕ, ಬಳಸಿದಷ್ಟು’ ಎಂದಿದೆ. ಒಟ್ಟು ಮೊತ್ತ ಎಷ್ಟೆಂದು ಹೇಳದೆ ಸಹಿ ಕೇಳುವುದು ಮೋಸವಲ್ಲವೇ?

ಉತ್ತರ: ಮೋಸವಲ್ಲ. ಡಿ-ಐಸಿಂಗ್ ಎಂದರೆ ವಿಮಾನದ ಮೇಲೆ ಕೂತ ಹಿಮ ತೆಗೆಯುವುದು. ಆ ಬೆಳಗ್ಗೆ ರೆಕ್ಕೆಯ ಮೇಲೆ ಎಷ್ಟು ಹಿಮ ಕೂತಿರುತ್ತದೆಂದು ತಿಂಗಳ ಮೊದಲೇ ಯಾರಿಗೂ ಗೊತ್ತಿರುವುದಿಲ್ಲ.

ನಾನು ಕೊಠಡಿ ಬಿಟ್ಟು ವಿಮಾನದ ಬಳಿ ನಿಂತ ದಿನಗಳು ಕಡಿಮೆ. ಅಂಥದ್ದೊಂದು ಜನವರಿ ಮುಂಜಾನೆ ಲೆ ಬುರ್ಜೆಯಲ್ಲಿ ಸಹಪೈಲಟ್ ಏಣಿ ಹತ್ತಿ, ಕೈಗವಸು ತೆಗೆದು, ಬರಿಗೈಯನ್ನು ರೆಕ್ಕೆಯ ಮೇಲ್ಮೈಯಲ್ಲಿ ಮೆಲ್ಲಗೆ ಎಳೆದರು. ಕೆಳಗಿನಿಂದ ನೋಡಿದರೆ ರೆಕ್ಕೆ ಒಣಗಿದಂತೆಯೇ ಇತ್ತು, ಸ್ವಲ್ಪ ಮಂಕಾಗಿತ್ತು ಅಷ್ಟೆ. ನನ್ನನ್ನೂ ಮೇಲೆ ಕರೆದು ಮುಟ್ಟಿಸಿದರು. ಮರಳುಕಾಗದದ ಹಾಗೆ ತರಿತರಿ. ರೆಕ್ಕೆಯ ಮೇಲೆ ಗಾಳಿ ನುಣ್ಣಗೆ ಹರಿದರೆ ಮಾತ್ರ ವಿಮಾನ ಏಳುತ್ತದೆ, ಅಷ್ಟು ತೆಳುವಾದ ಹಿಮದ ಪದರವೂ ಆ ಹರಿವನ್ನು ಕೆಡಿಸುತ್ತದೆ ಎಂದು ಅವರು ವಿವರಿಸಿದರು. ಆಮೇಲೆ ಲಾರಿ ಬಂತು. ಬಿಸಿ ಮಾಡಿದ ಕಿತ್ತಳೆ ಬಣ್ಣದ ದ್ರವವನ್ನು ಮೇಲಿನಿಂದ ಚಿಮ್ಮಿಸಿದರು, ಹಬೆಯಲ್ಲಿ ಇಡೀ ಬಾಲ ಮರೆಯಾಯಿತು. ಹಿಮ ಮತ್ತೆ ಕಟ್ಟದಂತೆ ಅದರ ಮೇಲೊಂದು ಹಸಿರು ದ್ರವ. ಆ ಎರಡನೆಯದರ ರಕ್ಷಣೆಗೆ ಗಡುವಿದೆ, ಅದು ಮೀರುವುದರೊಳಗೆ ಏರಬೇಕು, ಇಲ್ಲವಾದರೆ ಮತ್ತೊಮ್ಮೆ ಆಗಬೇಕು, ಮತ್ತೊಮ್ಮೆ ಬಿಲ್ಲು.

ಆದ್ದರಿಂದ ಚಳಿಗಾಲದಲ್ಲಿ ಹೊರಡುವವರು ಹೊತ್ತಿಗೆ ಮುಂಚೆಯೇ ಬಂದು ಕುಳಿತುಕೊಳ್ಳಬೇಕು. ಹಿಮ ತೆಗೆಸುವುದು ಬೇಡ, ಹಾಗೇ ಹೊರಡಿ ಎಂದು ಪೈಲಟ್‌ಗೆ ಎಂದೂ ಹೇಳಬೇಡಿ. ದರಪಟ್ಟಿಯಲ್ಲಿ ಬೇರೆ ಕಡೆ ಎಚ್ಚರ ವಹಿಸಿ: ವಿಮಾನ ಖಾಲಿಯಾಗಿ ಬಂದುಹೋಗುವ ವೆಚ್ಚ, ನಿಲುಗಡೆ, ಪೈಲಟ್‌ಗಳ ವಾಸ್ತವ್ಯ ಸೇರಿವೆಯೇ ನೋಡಿ. ಫ್ರಾನ್ಸಿನಿಂದ ಹೊರಡುವ ಬಾಡಿಗೆ ಜೆಟ್‌ನ ಪ್ರತಿ ಪ್ರಯಾಣಿಕರ ಮೇಲೆ 2025ರ ಮಾರ್ಚ್ 1ರಿಂದ ಹೆಚ್ಚಿದ ತೆರಿಗೆ ಜಾರಿಗೆ ಬಂತು: ಯುರೋಪಿನೊಳಗೆ 420 ಯೂರೋ, ಬಹುದೂರಕ್ಕೆ 2,100 ಯೂರೋ. ಆರು ಜನರಿಗೆ ಗುಣಿಸಿ ನೋಡಿ. ಅದನ್ನು ಕೊನೆಯಲ್ಲಿ ಸೇರಿಸುವವರನ್ನು ಧಾರಾಳವಾಗಿ ಪ್ರಶ್ನಿಸಿ.

ಪ್ರಶ್ನೆ: ಖಾಸಗಿ ಜೆಟ್‌ನಲ್ಲಿ ಹೋದರೆ ಪಾಸ್‌ಪೋರ್ಟ್, ವೀಸಾ ತಪಾಸಣೆ ಇರುವುದಿಲ್ಲ ಎಂದು ಕೇಳಿದ್ದೇನೆ. ನಿಜವೇ?

ಉತ್ತರ: ಸುಳ್ಳು. ಷೆಂಗೆನ್ ವಲಯದ (ತಮ್ಮತಮ್ಮ ನಡುವೆ ಗಡಿ ತಪಾಸಣೆ ಕೈಬಿಟ್ಟ ಯುರೋಪಿನ ದೇಶಗಳ) ಹೊರಗಿನಿಂದ, ಉದಾಹರಣೆಗೆ ಲಂಡನ್ ಅಥವಾ ದುಬೈನಿಂದ, ಬಂದರೆ ಗಡಿ ಪೊಲೀಸರು ಪಾಸ್‌ಪೋರ್ಟ್ ನೋಡಿಯೇ ಬಿಡುತ್ತಾರೆ. ಸಾಲು ಚಿಕ್ಕದು, ಕಾನೂನು ಅದೇ. ವೀಸಾ ಬೇಕಾದವರಿಗೆ ವೀಸಾ ಬೇಕೇ ಬೇಕು. 2025ರ ಅಕ್ಟೋಬರ್ 12ರಿಂದ ಯುರೋಪಿಯನ್ ಒಕ್ಕೂಟದ ಪ್ರಜೆಗಳಲ್ಲದವರ ಬೆರಳಚ್ಚು ಮತ್ತು ಮುಖದ ಚಿತ್ರ ದಾಖಲಿಸುವ ಹೊಸ ವ್ಯವಸ್ಥೆಯೂ ಶುರುವಾಗಿದೆ. 10,000 ಯೂರೋ ಅಥವಾ ಅದಕ್ಕಿಂತ ಹೆಚ್ಚು ನಗದು ಇದ್ದರೆ ಘೋಷಿಸಬೇಕು. ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಹೆಸರುಗಳನ್ನು ಮೊದಲೇ ಕಳುಹಿಸಿ, ಒಂದಕ್ಷರ ತಪ್ಪಿದರೂ ಅಲ್ಲಿ ತಡವಾಗುತ್ತದೆ.

ಪ್ರಶ್ನೆ: ನನ್ನ ತಾಯಿಗೆ 78 ವರ್ಷ, ಮಂಡಿ ನೋವು, ಗಾಲಿಕುರ್ಚಿ ಬೇಕು. ಜನಜಂಗುಳಿ ತಪ್ಪಲಿ ಎಂದೇ ಸಣ್ಣ ಜೆಟ್ ಬಾಡಿಗೆಗೆ ಪಡೆಯುವ ಯೋಚನೆಯಲ್ಲಿದ್ದೇನೆ. ಅವರಿಗೆ ಸುಲಭವಾಗುತ್ತದೆಯೇ?

ಉತ್ತರ: ನಿಲ್ದಾಣದಲ್ಲಿ ಸುಲಭ, ವಿಮಾನದೊಳಗೆ ಕಷ್ಟವಾಗಬಹುದು. ಇದನ್ನು ಯಾರೂ ಮೊದಲು ಹೇಳುವುದಿಲ್ಲ. ಫಿನಾಮ್ 300ರಂಥ ಸಣ್ಣ ಜೆಟ್‌ನ ಒಳಗಿನ ಎತ್ತರ ಒಂದೂವರೆ ಮೀಟರ್ ಮಾತ್ರ. ಕಿರಿದಾದ ಮೆಟ್ಟಿಲು ಹತ್ತಿ, ಬಾಗಿಲಲ್ಲಿ ತಲೆ ತಗ್ಗಿಸಿ, ಬಾಗಿಕೊಂಡೇ ಆಸನದವರೆಗೆ ನಡೆಯಬೇಕು. ಮಂಡಿ ಬಗ್ಗದವರಿಗೆ ಅದು ಯಾತನೆ. ಫಾಲ್ಕನ್ 7ಎಕ್ಸ್‌ನಂಥ ದೊಡ್ಡದರಲ್ಲಿ 1.88 ಮೀಟರ್ ಎತ್ತರವಿದೆ, ನೆಟ್ಟಗೆ ನಡೆಯಬಹುದು, ಆದರೆ ಬಾಡಿಗೆ ಬಹಳ ಹೆಚ್ಚು. ಬಾಗಿಲಿನ ಅಗಲ, ಮೆಟ್ಟಿಲುಗಳ ಸಂಖ್ಯೆ, ಶೌಚಾಲಯದ ಅಳತೆ ಕೇಳಿಕೊಳ್ಳಿ. ಮೇಲೆತ್ತುವ ಯಂತ್ರ ಬೇಕೆಂದು ಎರಡೂ ನಿಲ್ದಾಣಗಳ ಹ್ಯಾಂಡ್ಲಿಂಗ್ ಕಂಪನಿಗೆ ಮೊದಲೇ ತಿಳಿಸಿ. ಸಾಧ್ಯವಾದರೆ ತಾಯಿಯವರನ್ನೇ ಒಮ್ಮೆ ಫೋನ್‌ನಲ್ಲಿ ಕೂರಿಸಿ, ಎಷ್ಟು ಮೆಟ್ಟಿಲು ಹತ್ತಬಲ್ಲರೆಂದು ಅವರ ಬಾಯಿಂದಲೇ ಕಂಪನಿಯವರಿಗೆ ಹೇಳಿಸಿ. ಮಕ್ಕಳು ಹೇಳುವ ಲೆಕ್ಕಕ್ಕಿಂತ ಅವರದೇ ಸರಿಯಿರುತ್ತದೆ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿನಿ. ಲಂಡನ್‌ನಿಂದ ಪ್ಯಾರಿಸ್‌ಗೆ ಜೆಟ್ ಬಾಡಿಗೆ ಪಡೆಯುವವರನ್ನು ನೀವು ಪ್ರೋತ್ಸಾಹಿಸುವುದು ಸರಿಯೇ?

ಉತ್ತರ: ಆ ದಾರಿಗೆ ನಾನು ಯಾರನ್ನೂ ಪ್ರೋತ್ಸಾಹಿಸುವುದಿಲ್ಲ, ಮಗಳೇ. ಯೂರೋಸ್ಟಾರ್ ರೈಲು ಸುಮಾರು ಎರಡೂಕಾಲು ಗಂಟೆಯಲ್ಲಿ ಪ್ಯಾರಿಸ್‌ನ ನಡುವೆಯೇ ಇಳಿಸುತ್ತದೆ. ಒಂದು ಕಿಲೋ ವಿಮಾನ ಇಂಧನ ಉರಿದರೆ ಮೂರು ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬರುತ್ತದೆ, ಜೆಟ್‌ನಲ್ಲಿ ಅದನ್ನು ಹಂಚಿಕೊಳ್ಳಲು ನಾಲ್ಕೈದು ಜನ ಮಾತ್ರ. ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ತಲುಪಬಹುದಾದ ಕೆಲವು ದೇಶೀಯ ವಿಮಾನ ಮಾರ್ಗಗಳನ್ನು ಫ್ರಾನ್ಸ್ 2023ರಲ್ಲಿ ನಿಷೇಧಿಸಿತು, ಆದರೆ ಆ ನಿಷೇಧ ಖಾಸಗಿ ಜೆಟ್‌ಗಳನ್ನು ಮುಟ್ಟಲಿಲ್ಲ. ಮುಟ್ಟಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಈ ಕಸುಬಿನಿಂದಲೇ ಹೊಟ್ಟೆ ಹೊರೆದವಳಾಗಿ ಹೇಳುತ್ತಿದ್ದೇನೆ. ಕಸಿಗೆಂದು ದೇಹದ ಅಂಗವನ್ನು ಸಾಗಿಸಬೇಕಾದಾಗ, ರೋಗಿಯನ್ನು ಕರೆತರಬೇಕಾದಾಗ ಇದೇ ಸಣ್ಣ ಜೆಟ್‌ಗಳಿಂದ ಜೀವ ಉಳಿಯುತ್ತದೆ. ಅಂಥ ರಾತ್ರಿಗಳಲ್ಲಿ ನಾನು ಸಂತೋಷದಿಂದ ಎಚ್ಚರವಿದ್ದೆ.

ಪ್ರಶ್ನೆ: ನನಗೆ ಹತ್ತು ವರ್ಷ. ಅಪ್ಪನ ಜೊತೆ ಸಣ್ಣ ಜೆಟ್‌ನಲ್ಲಿ ಪ್ಯಾರಿಸ್‌ಗೆ ಹೋಗುತ್ತಿದ್ದೇನೆ. ಕಾಕ್‌ಪಿಟ್ ನೋಡಬಹುದೇ?

ಉತ್ತರ: ಎಂಜಿನ್ ಶುರುವಾಗುವ ಮುಂಚೆ ಕ್ಯಾಪ್ಟನ್ ಅವರನ್ನು ನೀನೇ ಕೇಳು, ಪುಟ್ಟಾ. ಅವರಿಗೆ ಕೆಲಸ ಹೆಚ್ಚಿದ್ದರೆ ಇಳಿದ ಮೇಲೆ ಎನ್ನುತ್ತಾರೆ, ಆಗ ಕಾಯಬೇಕು. ಯಾವ ಗುಂಡಿಯನ್ನೂ ಮುಟ್ಟಬೇಡ, ಬೇಕಾದಷ್ಟು ಪ್ರಶ್ನೆ ಕೇಳು. ಇನ್ನೊಂದು ಗುಟ್ಟು: ಲೆ ಬುರ್ಜೆಯ ಹಳೆಯ ಟರ್ಮಿನಲ್‌ನಲ್ಲಿ ವಿಮಾನಗಳ ದೊಡ್ಡ ವಸ್ತುಸಂಗ್ರಹಾಲಯವಿದೆ. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನಗಳು ಅಲ್ಲಿ ಎರಡಿವೆ, ಅಕ್ಕಪಕ್ಕದಲ್ಲೇ. ಹಿಂದಿರುಗುವ ದಿನ ಅಪ್ಪನನ್ನು ಸ್ವಲ್ಪ ಬೇಗ ಹೊರಡಿಸು. ಸೋಮವಾರ ಮಾತ್ರ ಬೇಡ, ಅಂದು ಬಾಗಿಲು ಮುಚ್ಚಿರುತ್ತದೆ.